ಪೆಟ್ಟಿಗೆಯೊಳಗಣ ಇಟ್ಟಿಗೆ

ಹೈದರಾಬಾದಿನಿಂದ ಹೊರಟು ಸೊಲ್ಲಾಪುರದ ಮಾರ್ಗವಾಗಿ ಪುಣೆಯನ್ನು ಸೇರುವ 65ನೆಯ ರಾಷ್ಟ್ರೀಯ ಹೆದ್ದಾರಿಯು ಹುಮನಾಬಾದನ್ನು ಮುಟ್ಟಿ, ಅಲ್ಲಿಂದ ಪಶ್ಚಿಮಕ್ಕೆ ಸಾಗಿ, ಸಸ್ತಾಪುರ ಬಂಗ್ಲಾದ ಬಳಿ ಬಸವಕಲ್ಯಾಣಕ್ಕೆ ಒಂದು ಕವಲನ್ನು ಬಿಟ್ಟುಕೊಟ್ಟು ಮುಂದುವರಿಯುತ್ತದೆ. ಕಬ್ಬು, ತೊಗರಿ, ಟೈರು, ಕಬ್ಬಿಣದ ಸಾಮಾನು ಹೊತ್ತ ಲಾರಿಗಳು ಹಗಲಿರುಳೆನ್ನದೆ ಓಡಾಡುವ ಈ ದಾರಿಯಲ್ಲಿ, ಈಚಿನ ಕೆಲವು ವರ್ಷಗಳಿಂದ, ಕೊರಿಯರ್ ವಾಹನದ ಒಂದು ಮೂಲೆಯಲ್ಲಿ, ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಆಟಿಕೆಯೊಂದು ಅಪರೂಪಕ್ಕೆ ಬಂದಿಳಿಯುವುದುಂಟು. ಲೋಕವು ಅದನ್ನು ಲೆಗೊ ಎಂದು ಕರೆಯುತ್ತದೆ. ನಮ್ಮ ಪೇಟೆಯಲ್ಲಿ ಅದು ಬ್ಲಾಕ್ಸ್. ಮಕ್ಕಳಿಗೆಂದು ಅದನ್ನು ಕೊಳ್ಳುವವರು ಹಲವರು. ತಮಗಾಗಿಯೇ ಕೊಂಡು, ಜೋಡಿಸಿ, ಕಪಾಟಿನಲ್ಲಿಟ್ಟು ನೋಡಿ, ಬಿಚ್ಚಿ, ಮತ್ತೆ ಬೇರೊಂದಾಗಿ ಕಟ್ಟುವ ವಯಸ್ಕರು ಕೆಲವರು. ಆ ಕೆಲವರಲ್ಲಿ ಒಬ್ಬನಾಗಿ, ಈ ಹವ್ಯಾಸಕ್ಕೆ ಹಣ ತೆರುವ ಬಗೆಯನ್ನು ಕುರಿತು ನಾನು ಕಂಡುಕೊಂಡದ್ದನ್ನು ಇಲ್ಲಿ ನಿರೂಪಿಸಲು ಹೊರಟಿದ್ದೇನೆ.

ಮಹಾನಗರದ ಸಂಗ್ರಾಹಕನಿಗುಳ್ಳ ಸೌಕರ್ಯ ನಮಗಿಲ್ಲವೆಂಬುದು ನಿಜ. ಭಾರತದ ಮೊದಲ ಅಧಿಕೃತ ಲೆಗೊ ಮಳಿಗೆ ತೆರೆದದ್ದು 2025ರಲ್ಲಿ, ದೂರದ ಗುರುಗ್ರಾಮದಲ್ಲಿ. ದೊಡ್ಡ ಆಟಿಕೆ ಅಂಗಡಿಯೊಂದನ್ನು ಕಣ್ಣಾರೆ ನೋಡಬೇಕಾದರೆ ಹುಮನಾಬಾದಿನವನು 150 ಕಿಲೋಮೀಟರಿಗೂ ಮೀರಿದ ದಾರಿಯನ್ನು ಕ್ರಮಿಸಿ ಹೈದರಾಬಾದನ್ನು ಸೇರಬೇಕು; ಬಸವಕಲ್ಯಾಣದವನು ಇನ್ನಷ್ಟು ದೂರ ಹೋಗಬೇಕು. 2017ರ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ಉದ್ಘಾಟನೆಯಾಗಿ ಹುಮನಾಬಾದಿಗೆ ಒಂದು ಅನುಕೂಲವಾಯಿತಾದರೂ ಬಸವಕಲ್ಯಾಣವು ರಸ್ತೆಯನ್ನೇ ನಂಬಿಕೊಂಡಿದೆ. ಆದರೆ ಈ ದೂರವನ್ನು ಬರಿಯ ನಷ್ಟವೆಂದು ನಾನು ಎಣಿಸಲಾರೆ. ಕಣ್ಣೆದುರು ಸಾಲುಗಟ್ಟಿ ನಿಂತ ವರ್ಣಮಯ ಪೆಟ್ಟಿಗೆಗಳ ನಡುವೆ ನಿಂತವನು ಪೆಟ್ಟಿಗೆಯ ಮೇಲಣ ಚಿತ್ರಕ್ಕೆ ಮನಸೋತು ಕೊಳ್ಳುತ್ತಾನೆ; ಪೆಟ್ಟಿಗೆಯನ್ನು ಕಾಣದೆ ದೂರದಲ್ಲಿ ಕುಳಿತವನು, ಅದರೊಳಗೆ ಏನುಂಟು, ಎಷ್ಟುಂಟು, ತಾನು ಕಟ್ಟಬೇಕೆಂದಿರುವುದಕ್ಕೆ ಅದರಲ್ಲಿ ಯಾವುದು ಒದಗೀತು ಎಂದು ವಿಚಾರಿಸಿ ಕೊಳ್ಳುವ ಅಭ್ಯಾಸಕ್ಕೆ ತಾನಾಗಿಯೇ ಬೀಳುತ್ತಾನೆ. ಈ ಹವ್ಯಾಸದಲ್ಲಿ ವಿವೇಕವೆಂಬುದೊಂದು ಇದ್ದರೆ ಅದರ ಬಹುಭಾಗ ಈ ಅಭ್ಯಾಸದಲ್ಲಿಯೇ ಇದೆ.

ಈ ಆಟಿಕೆಯ ಒಂದು ಇಟ್ಟಿಗೆಯನ್ನು ಅಂಗೈಯಲ್ಲಿಟ್ಟು ನೋಡೋಣ. ಹವ್ಯಾಸಿಗಳು ಎರಡು–ನಾಲ್ಕು ಎಂದು ಕರೆಯುವ, ಎರಡು ಸಾಲಿನಲ್ಲಿ ನಾಲ್ಕುನಾಲ್ಕರಂತೆ ಎಂಟು ಗುಬುಟುಗಳುಳ್ಳ ಸಾಧಾರಣವಾದ ಇಟ್ಟಿಗೆ ಅದು. ಒಂದು ಗುಬುಟಿನ ನಡುವಿನಿಂದ ಮತ್ತೊಂದರ ನಡುವಿಗೆ 8 ಮಿಲಿಮೀಟರು. ಗುಬುಟನ್ನು ಬಿಟ್ಟು ಇಟ್ಟಿಗೆಯ ಎತ್ತರ 9.6 ಮಿಲಿಮೀಟರು. ಇದರ ಮೂರರಲ್ಲೊಂದು ಪಾಲು, ಎಂದರೆ 3.2 ಮಿಲಿಮೀಟರು ಎತ್ತರವುಳ್ಳದ್ದು ಪ್ಲೇಟು. ಮೂರು ಪ್ಲೇಟುಗಳನ್ನು ಒಂದರ ಮೇಲೊಂದಿಟ್ಟರೆ ಒಂದು ಇಟ್ಟಿಗೆಯ ಎತ್ತರಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸರಿಹೊಂದುತ್ತದೆ. ಮಗುಚಿ ಹಾಕಿದರೆ ಒಳಗೆ ಮೂರು ಟೊಳ್ಳು ಕೊಳವೆಗಳು ಕಾಣುತ್ತವೆ. ಕೆಳಗಣ ಇಟ್ಟಿಗೆಯ ಗುಬುಟುಗಳು ಈ ಕೊಳವೆಗೂ ಗೋಡೆಗೂ ನಡುವೆ ಸಿಕ್ಕಿ ಬಿಗಿಯಾಗುತ್ತವೆ. ಮಗುವಿನ ಬೆರಳು ಬಿಚ್ಚಬಲ್ಲಷ್ಟು ಸಡಿಲ, ಎತ್ತಿ ಹಿಡಿದರೂ ಕಳಚದಷ್ಟು ಬಿಗಿ: ಇವೆರಡರ ನಡುವಣ ಆ ಅತಿ ಸೂಕ್ಷ್ಮವಾದ ಅಂತರವೇ ಈ ಆಟಿಕೆಯ ಸರ್ವಸ್ವ. ಪ್ರತಿಯೊಂದು ಗುಬುಟಿನ ನೆತ್ತಿಯ ಮೇಲೂ ಕಂಪನಿಯ ಹೆಸರು ಉಬ್ಬಕ್ಷರದಲ್ಲಿ ಅಚ್ಚಾಗಿರುತ್ತದೆ; ಒಳಮೈಯಲ್ಲಿ ಭೂತಗನ್ನಡಿ ಹಿಡಿದು ಓದಬೇಕಾದಷ್ಟು ಸಣ್ಣ ಅಂಕಿಗಳಲ್ಲಿ ಅಚ್ಚಿನ ಸಂಖ್ಯೆ. ಒಂದೇ ಬಣ್ಣದ ಇಂಥ ಆರು ಇಟ್ಟಿಗೆಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂಬ ಪ್ರಶ್ನೆಗೆ 10,29,81,500 ಎಂಬ ಉತ್ತರವನ್ನು ಕಂಪನಿ ಬಹುಕಾಲ ಹೇಳುತ್ತಿತ್ತು. ಅದು ಆರು ಅಂತಸ್ತಿನ ಗೋಪುರಗಳ ಲೆಕ್ಕ ಮಾತ್ರವೆಂದೂ, ಎಲ್ಲ ಜೋಡಣೆಗಳನ್ನೂ ಎಣಿಸಿದರೆ ಸಂಖ್ಯೆ 91,51,03,765 ಆಗುವುದೆಂದೂ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ ಮುಂದೆ ತೋರಿಸಿಕೊಟ್ಟರು. ಆರೇ ಇಟ್ಟಿಗೆಗಳಲ್ಲಿ ಇಷ್ಟು ಸಾಧ್ಯತೆಗಳಿರುವಾಗ, ಸಂಗ್ರಹದ ಐಶ್ವರ್ಯವನ್ನು ಪೆಟ್ಟಿಗೆಗಳ ಸಂಖ್ಯೆಯಿಂದ ಅಳೆಯುವುದು ನನಗೆ ಯುಕ್ತವೆನಿಸುವುದಿಲ್ಲ.

ಈ ವಸ್ತುವಿನ ಚರಿತ್ರೆಯನ್ನು ಬಲ್ಲವನು ಅಂಗಡಿಯಲ್ಲಿ ಸುಲಭವಾಗಿ ಮೋಸಹೋಗನಾದ್ದರಿಂದ ಅದನ್ನು ಸಂಗ್ರಹವಾಗಿ ಹೇಳುತ್ತೇನೆ. ಬಿಲ್ಲುಂಡಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ 1932ರಲ್ಲಿ, ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ಕಾಲದಲ್ಲಿ, ಮನೆಕಟ್ಟುವ ಕೆಲಸ ಕಡಿಮೆಯಾಗಿ ಮರದ ಆಟಿಕೆಗಳನ್ನು ಮಾಡತೊಡಗಿದನು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹೊಯ್ಯುವ ಯಂತ್ರವನ್ನು ಕೊಂಡಾಗ, ಇಂಗ್ಲೆಂಡಿನ ಹಿಲರಿ ಪೇಜ್ ಎಂಬಾತ ರೂಪಿಸಿದ್ದ ಕಿಡ್ಡಿಕ್ರಾಫ್ಟ್ ಇಟ್ಟಿಗೆಯ ಮಾದರಿ ಅವನ ಕೈಸೇರಿತು. ಅದನ್ನು ಅನುಸರಿಸಿ, ಕೊಂಚ ತಿದ್ದಿ, 1949ರಲ್ಲಿ ಮೊದಲ ಇಟ್ಟಿಗೆಗಳು ಹೊರಬಂದವು. ಆದರೆ ಅವು ಒಳಗೆ ಟೊಳ್ಳಾಗಿದ್ದು ಸರಿಯಾಗಿ ಹಿಡಿಯುತ್ತಿರಲಿಲ್ಲ. ಒಳಗೆ ಕೊಳವೆಯನ್ನಿಡುವ ಉಪಾಯಕ್ಕೆ ಮಗನಾದ ಗಾಡ್‌ಫ್ರೆಡ್ 1958ರ ಜನವರಿ 28ರಂದು ಪೇಟೆಂಟಿಗೆ ಅರ್ಜಿ ಹಾಕಿದ ದಿನವೇ ಇಂದಿನ ಇಟ್ಟಿಗೆಯ ಜನ್ಮದಿನ. ಆ ವರ್ಷದ ಇಟ್ಟಿಗೆ ಇಂದಿನ ಇಟ್ಟಿಗೆಯ ಮೇಲೆ ಈಗಲೂ ಕೂರುತ್ತದೆ. ಹಳೆಯ ಮಾಲನ್ನು ಕೊಳ್ಳುವವನಿಗೆ ಇದಕ್ಕಿಂತ ದೊಡ್ಡ ಭರವಸೆ ಬೇಕಿಲ್ಲ.

ಇನ್ನು ನಮ್ಮ ಪೇಟೆಯ ಸ್ಥಿತಿ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಆಟಿಕೆ ಅಂಗಡಿಗಳಲ್ಲಿಯೂ ಬಸವಕಲ್ಯಾಣದ ಬಜಾರಿನ ಸ್ಟೇಷನರಿ ಅಂಗಡಿಗಳಲ್ಲಿಯೂ ಪಾರದರ್ಶಕ ಚೀಲದಲ್ಲಿಯೋ ತೆಳು ರಟ್ಟಿನ ಡಬ್ಬದಲ್ಲಿಯೋ ಬ್ಲಾಕ್ಸ್ ದೊರೆಯುತ್ತವೆ. ಅಸಲಿ ಲೆಗೊ ಉಂಟೆ ಎಂದು ವಿಚಾರಿಸಿದರೆ, “ಅಸಲಿ ಬೇಕಂದ್ರ ಹೈದ್ರಾಬಾದಿಗೇ ಹೋಗಬೇಕ್ರೀ ಸರ್, ಇಲ್ಲಿ ಅಷ್ಟು ರೊಕ್ಕಾ ಯಾರು ಕೊಡ್ತಾರ?” ಎಂದು ಅಂಗಡಿಯವರು ನೇರವಾಗಿಯೇ ಹೇಳುತ್ತಾರೆ. ಆ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಅವರ ಬಳಿ ಇರುವ ಮಾಲೆಲ್ಲವೂ ಕಳ್ಳಮಾಲೆಂದು ಭಾವಿಸುವುದೂ ತಪ್ಪು. ಇಟ್ಟಿಗೆಯ ಪೇಟೆಂಟುಗಳ ಅವಧಿ ಎಂದೋ ಮುಗಿದುಹೋಗಿದೆ. ಅದರ ಆಕಾರವನ್ನು ವ್ಯಾಪಾರ ಚಿಹ್ನೆಯಾಗಿ ಕಾದಿರಿಸಿಕೊಳ್ಳಲು ಬರುವುದಿಲ್ಲವೆಂದು ಯುರೋಪಿನ ನ್ಯಾಯಾಲಯ 2010ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. ಕೆನಡಾದ ಸರ್ವೋಚ್ಚ ನ್ಯಾಯಾಲಯ 2005ರಲ್ಲಿಯೇ ಅಂಥದೇ ನಿರ್ಣಯಕ್ಕೆ ಬಂದಿತ್ತು. ಆದಕಾರಣ ಲೆಗೊದೊಡನೆ ಹೊಂದುವ ಇಟ್ಟಿಗೆಯನ್ನು ತನ್ನದೇ ಹೆಸರಿನಲ್ಲಿ, ತನ್ನದೇ ವಿನ್ಯಾಸದಲ್ಲಿ ಯಾರು ಮಾಡಿ ಮಾರಿದರೂ ಅದು ಧರ್ಮವಾದ ವ್ಯಾಪಾರವೇ. ಮತ್ತೊಬ್ಬರ ಸೆಟ್ಟಿನ ವಿನ್ಯಾಸವನ್ನೂ ಪೆಟ್ಟಿಗೆಯ ಚಿತ್ರವನ್ನೂ ಸೂಚನಾ ಪುಸ್ತಕವನ್ನೂ ಮಿನಿಫಿಗರ್ ಎಂಬ ಪುಟ್ಟ ಬೊಂಬೆಯನ್ನೂ ಹಾಗೆಯೇ ನಕಲು ಮಾಡಿ ಮಾರುವುದು ಮಾತ್ರ ಕಳ್ಳತನ; ಲೆಪಿನ್ ಎಂಬ ಹೆಸರಿನಲ್ಲಿ ಈ ಕೆಲಸವನ್ನು ಬೃಹತ್ ಪ್ರಮಾಣದಲ್ಲಿ ನಡೆಸಿದವರನ್ನು ಚೀನದ ಪೊಲೀಸರೇ 2019ರಲ್ಲಿ ಬಂಧಿಸಿದರು. ಈ ಎರಡರ ಭೇದವನ್ನು ಹವ್ಯಾಸಿಯಾದವನು ಮನಸ್ಸಿನಲ್ಲಿ ಸ್ಪಷ್ಟವಾಗಿ ಇಟ್ಟುಕೊಳ್ಳಬೇಕು. ಆರು ವರ್ಷದ ಮಗುವಿಗೆ ಸ್ವದೇಶೀ ಬ್ಲಾಕ್ಸ್ ಕೊಡಿಸುವವರನ್ನು ಕೀಳಾಗಿ ಕಾಣುವ ಒಂದು ಬಗೆಯ ಸಂಗ್ರಾಹಕರ ಧೋರಣೆ ನನಗೆ ಸಮ್ಮತವಲ್ಲ.

ಅಸಲಿಯೆಂದು ಹೇಳಿ ಮಾರುವ ಮಾಲನ್ನು ಪರೀಕ್ಷಿಸುವ ಕ್ರಮದಲ್ಲಿ ನಮ್ಮವರು ಒಂದೆರಡು ಭ್ರಮೆಗಳಿಗೆ ಒಳಗಾಗಿದ್ದಾರೆ. ಪೆಟ್ಟಿಗೆಯ ಮೇಲೆ ಚೀನದಲ್ಲಿ ತಯಾರಾದದ್ದೆಂದು ಇದ್ದೊಡನೆ ನಕಲಿಯೆಂದು ದೂರ ತಳ್ಳುವುದು ಅವುಗಳಲ್ಲಿ ಮೊದಲನೆಯದು. ಏಷ್ಯಾದ ಮಾರುಕಟ್ಟೆಗಾಗಿ ಕಂಪನಿಯದೇ ದೊಡ್ಡ ಕಾರ್ಖಾನೆ ಚೀನದ ಜಿಯಾಶಿಂಗ್ ನಗರದಲ್ಲಿ 2016ರಿಂದ ನಡೆಯುತ್ತಿದೆ. 2025ರಲ್ಲಿ ವಿಯೆಟ್ನಾಮಿನಲ್ಲಿಯೂ ಒಂದು ಆರಂಭವಾಗಿದೆ. ಡೆನ್ಮಾರ್ಕ್, ಹಂಗೇರಿ, ಚೆಕ್ ಗಣರಾಜ್ಯ, ಮೆಕ್ಸಿಕೊಗಳಲ್ಲಿ ಮೊದಲಿಂದಲೂ ಉಂಟು. ಒಳಗಣ ಚೀಲಗಳು ಕಾಗದದವಾಗಿದ್ದರೆ ಯಾರೋ ಬಿಚ್ಚಿ ಮತ್ತೆ ತುಂಬಿದ್ದಾರೆಂದು ಶಂಕಿಸುವುದು ಎರಡನೆಯದು. ಪ್ಲಾಸ್ಟಿಕ್ ಚೀಲಗಳ ಬದಲು ಕಾಗದದ ಚೀಲಗಳನ್ನು ತರುವುದಾಗಿ ಕಂಪನಿಯೇ 2020ರಲ್ಲಿ ಘೋಷಿಸಿತು. ಗುಬುಟಿನ ಮೇಲಣ ಹೆಸರು, ಹಿಡಿತದ ಬಿಗಿ, ಬಣ್ಣದ ಏಕರೂಪತೆ, ಅಂಚಿನಲ್ಲಿ ಪ್ಲಾಸ್ಟಿಕ್ಕಿನ ಸಿಬಿರು ಇಲ್ಲದಿರುವುದು, ಇವೇ ನಂಬತಕ್ಕ ಲಕ್ಷಣಗಳು. ಆದರೆ ಇವೆಲ್ಲ ಪೆಟ್ಟಿಗೆ ತೆರೆದ ಮೇಲೆ ತಿಳಿಯುವಂಥವು. ತೆರೆಯುವ ಮುನ್ನ ನೋಡತಕ್ಕದ್ದು ಅಂಟಿಸಿದ ಚೀಟಿಯನ್ನು. ಆಮದು ಮಾಡಿದ ಪೊಟ್ಟಣದ ಮೇಲೆ ಆಮದುದಾರನ ಹೆಸರು, ವಿಳಾಸ, ತಯಾರಿಯ ತಿಂಗಳು–ವರ್ಷ, ಎಲ್ಲ ತೆರಿಗೆಯೂ ಸೇರಿದ ಎಂ.ಆರ್.ಪಿ. ಇರಲೇಬೇಕೆಂದು ನಮ್ಮ ಕಾನೂನು ವಿಧಿಸುತ್ತದೆ. 2021ರ ಜನವರಿ 1ರಿಂದ, ಹದಿನಾಲ್ಕು ವರ್ಷದೊಳಗಿನ ಮಕ್ಕಳು ಆಡುವ ಆಟಿಕೆಗಳಿಗೆ ಐ.ಎಸ್.ಐ. ಮುದ್ರೆಯೂ ಕಡ್ಡಾಯವಾಗಿದೆ; ಮುದ್ರೆಯ ಬಳಿಯಿರುವ ಲೈಸೆನ್ಸ್ ಸಂಖ್ಯೆಯನ್ನು ಮಾನಕ ಸಂಸ್ಥೆಯ ಬಿ.ಐ.ಎಸ್. ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ಅದು ಯಾರಿಗೆ ಕೊಟ್ಟ ಲೈಸೆನ್ಸೆಂದು ಅರೆನಿಮಿಷದಲ್ಲಿ ತಿಳಿಯುತ್ತದೆ. ಚೀಟಿಯೇ ಇಲ್ಲದ ಮಕ್ಕಳ ಸೆಟ್ಟೊಂದನ್ನು ಆನ್‌ಲೈನ್ ಮಾರಾಟಗಾರನೊಬ್ಬ ಅರ್ಧ ಬೆಲೆಗೆ ಕೊಡುವೆನೆಂದರೆ ಅಲ್ಲಿಗೆ ವಿಚಾರಣೆ ಮುಗಿಯಿತು. ವಾದಕ್ಕೆ ನಿಂತರೆ 1915 ಎಂಬ ಗ್ರಾಹಕ ಸಹಾಯವಾಣಿ ಇದೆ. ಪಾರ್ಸೆಲನ್ನು ತೆರೆಯುವಾಗ ಮೊಬೈಲಿನಲ್ಲಿ ಆದಿಯಿಂದ ಅಂತ್ಯದವರೆಗೆ ವಿಡಿಯೊ ತೆಗೆದಿಟ್ಟುಕೊಂಡವನ ಮಾತಿಗೆ ಅಲ್ಲಿ ಬೆಲೆ ಹೆಚ್ಚು.

ಬೆಲೆಯ ವಿಚಾರಕ್ಕೆ ಬರೋಣ. ಕಲಬುರಗಿಯ ಮಂಡಿಯಲ್ಲಿ ತೊಗರಿಯನ್ನು ಕ್ವಿಂಟಾಲಿನ ದರದಲ್ಲಿ ಕೇಳುವಂತೆ, ಬ್ರಿಕ್ ಸೆಟ್ಟನ್ನು ಪೀಸಿನ ದರದಲ್ಲಿ ಕೇಳಬೇಕೆಂಬುದು ಹವ್ಯಾಸಿಗಳ ಮೊದಲ ಪಾಠ. 6,000 ರೂಪಾಯಿಯ ಸೆಟ್ಟಿನಲ್ಲಿ 600 ಪೀಸುಗಳಿದ್ದರೆ ಪೀಸಿಗೆ 10 ರೂಪಾಯಿ. 4,500 ರೂಪಾಯಿಯ ಸೆಟ್ಟಿನಲ್ಲಿ 300 ಪೀಸುಗಳಿದ್ದರೆ ಪೀಸಿಗೆ 15 ರೂಪಾಯಿ. ಕಡಿಮೆ ಬೆಲೆಯದೇ ದುಬಾರಿಯಾಯಿತು. ಇಷ್ಟರಮಟ್ಟಿಗೆ ಪಾಠ ಸರಿ. ಆದರೆ ಇದನ್ನೇ ಮಂತ್ರದಂತೆ ಜಪಿಸುವವರೊಡನೆ ನಾನು ಪೂರ್ತಿ ಒಪ್ಪಲಾರೆ. ಒಂದೇ ಗುಬುಟಿನ, ಕಡಲೆಕಾಳಿಗಿಂತಲೂ ಕಿರಿದಾದ ತುಣುಕೂ ಪೀಸೇ. ಬೆರಳುದ್ದದ ಇಟ್ಟಿಗೆಯೂ ಪೀಸೇ. 2021ರಲ್ಲಿ ಬಂದ ಆರ್ಕಿಟೆಕ್ಚರ್ ಸಾಲಿನ ತಾಜಮಹಲಿನಲ್ಲಿ 2,022 ಪೀಸುಗಳುಂಟು. ದರದ ಲೆಕ್ಕದಲ್ಲಿ ಲಾಭದಾಯಕವೆಂದು ತೋರುವ ಆ ಸೆಟ್ಟಿನಲ್ಲಿ ಬಹುಪಾಲು ಕಿರುತುಣುಕುಗಳು. ಅವು ತಾಜಮಹಲಿನ ಕೆತ್ತನೆಗೆ ಎಷ್ಟು ಯೋಗ್ಯವೋ, ಮುಂದೆ ಬಿಚ್ಚಿ ಕೋಟೆಯ ಗೋಡೆಯೊಂದನ್ನು ಕಟ್ಟಹೊರಟವನಿಗೆ ಅಷ್ಟೇ ನಿಷ್ಪ್ರಯೋಜಕ. ಚಲನಚಿತ್ರದ ಹೆಸರು ಹೊತ್ತ ಸೆಟ್ಟುಗಳಲ್ಲಿ, 1999ರಲ್ಲಿ ಸ್ಟಾರ್ ವಾರ್ಸ್ ಮಾಲಿಕೆಯಿಂದ ಆರಂಭವಾದ ಪದ್ಧತಿಯಂತೆ, ಆ ಹೆಸರಿಗೂ ಒಂದು ಬೆಲೆಯನ್ನು ನಾವು ತೆರುತ್ತೇವೆ; ಕಥೆಯ ಮೇಲೆ ಪ್ರೀತಿಯಿದ್ದವರು ಸಂತೋಷವಾಗಿ ತೆರಲಿ, ಇಟ್ಟಿಗೆಗಾಗಿ ಕೊಳ್ಳುವವರು ಆ ಕಡೆ ನೋಡುವುದು ಬೇಡ. ಹೊಸದಾಗಿ ತೊಡಗಿದವರಿಗೆ ನಾನು ಹೇಳುವುದು ಕ್ಲಾಸಿಕ್ ಸಾಲಿನ ಡಬ್ಬಗಳನ್ನು: 484 ಪೀಸುಗಳ ಮಧ್ಯಮ ಡಬ್ಬ, 790 ಪೀಸುಗಳ ದೊಡ್ಡ ಡಬ್ಬ. ಅವುಗಳಲ್ಲಿ ಬಣ್ಣಗಳ ಸಂಖ್ಯೆ ವಿಪರೀತವೆಂಬುದೊಂದೇ ದೋಷ; ಒಂದು ಬಣ್ಣದ ಗೋಡೆ ಪೂರ್ತಿಯಾಗುವಷ್ಟು ಯಾವ ಬಣ್ಣವೂ ಇರುವುದಿಲ್ಲ. ಒಂದೇ ಸೆಟ್ಟಿನಿಂದ ಮೂರು ಬಗೆಯ ವಸ್ತುಗಳನ್ನು ಕಟ್ಟಬಹುದಾದ ಕ್ರಿಯೇಟರ್ ಸಾಲು ಈ ದೃಷ್ಟಿಯಿಂದ ಹೆಚ್ಚು ಸಮತೂಕದ್ದು.

ಕಾಯುವುದರಲ್ಲಿ ಲಾಭವುಂಟೆ ಎಂಬ ಪ್ರಶ್ನೆಗೆ ಉತ್ತರ ಸರಳವಲ್ಲ. ದಸರಾ–ದೀಪಾವಳಿಗಳ ಕಾಲದಲ್ಲಿ, ಗಣರಾಜ್ಯೋತ್ಸವ ಸ್ವಾತಂತ್ರ್ಯೋತ್ಸವಗಳ ಆಸುಪಾಸಿನಲ್ಲಿ ಆನ್‌ಲೈನ್ ಅಂಗಡಿಗಳು ಆಫರ್ ಕೊಡುತ್ತವೆ; ಎಂ.ಆರ್.ಪಿ.ಯ ಮೇಲೆ ಇಂತಿಷ್ಟು ಶೇಕಡ ಕಡಿತವೆಂಬ ಘೋಷಣೆಗಿಂತ, ಅದೇ ಸೆಟ್ಟಿನ ಎರಡು ತಿಂಗಳ ಹಿಂದಿನ ಮಾರಾಟದ ಬೆಲೆಯನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರೆ ಕಡಿತದ ಸತ್ಯಾಸತ್ಯ ಗೊತ್ತಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವಿದ್ಯುನ್ಮಾನವಲ್ಲದ ಆಟಿಕೆಗಳ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿಯಿತು. ಅದಕ್ಕೂ ಹಿಂದಿನ ಎಂ.ಆರ್.ಪಿ. ಚೀಟಿಯುಳ್ಳ ಹಳೆಯ ಸ್ಟಾಕನ್ನು ಕೊಳ್ಳುವಾಗ ಈ ವ್ಯತ್ಯಾಸವನ್ನು ಕೇಳಿ ಪಡೆಯುವುದು ಗ್ರಾಹಕನಿಗೆ ತಕ್ಕುದೇ ಆಗಿದೆ. ಆದರೆ ತೀರ ಕಾಯುತ್ತ ಕುಳಿತರೆ ಮತ್ತೊಂದು ಅಪಾಯವುಂಟು. ಒಂದು ಸೆಟ್ಟು ಸಾಧಾರಣವಾಗಿ ಎರಡು ವರ್ಷದ ಆಸುಪಾಸು ತಯಾರಿಕೆಯಲ್ಲಿದ್ದು ಆಮೇಲೆ ನಿಲ್ಲುತ್ತದೆ. ಹವ್ಯಾಸಿಗಳು ಇದನ್ನು ಸೆಟ್ಟಿನ ರಿಟೈರ್‌ಮೆಂಟ್ ಎನ್ನುತ್ತಾರೆ. ನಿಂತ ಮೇಲೆ ಬೆಲೆ ಏರುವುದೆಂಬ ನಂಬಿಕೆಯಿಂದ, ತೆರೆಯದ ಪೆಟ್ಟಿಗೆಗಳನ್ನು ಅಟ್ಟದ ಮೇಲೆ ಪೇರಿಸಿಡುವವರು ಈಗ ನಮ್ಮಲ್ಲಿಯೂ ಹುಟ್ಟಿಕೊಂಡಿದ್ದಾರೆ.

ಅವರ ನಂಬಿಕೆಗೆ ಆಧಾರವಿಲ್ಲವೆಂದು ನಾನು ಹೇಳುವುದಿಲ್ಲ. ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಇಬ್ಬರು ಸಂಶೋಧಕಿಯರು 1987ರಿಂದ 2015ರವರೆಗಿನ 2,322 ಸೆಟ್ಟುಗಳ ಬೆಲೆಗಳನ್ನು ಪರಿಶೀಲಿಸಿ, ಮರುಮಾರಾಟದಲ್ಲಿ ಅವುಗಳ ಸರಾಸರಿ ಗಳಿಕೆ ವರ್ಷಕ್ಕೆ ಶೇಕಡ 11ರಷ್ಟು ಎಂದು ಕಂಡುಹಿಡಿದರು. ಈ ಒಂದು ಅಂಕಿ ಪತ್ರಿಕೆಗಳಲ್ಲೆಲ್ಲ ಹರಡಿತು. ಅದರ ಜೊತೆಯಲ್ಲಿಯೇ ಅವರು ಹೇಳಿದ ಮತ್ತೊಂದು ಮಾತು, ಕೆಲವು ಸೆಟ್ಟುಗಳು ತಮ್ಮ ಬೆಲೆಯ ಅರ್ಧವನ್ನೇ ಕಳೆದುಕೊಂಡವೆಂಬುದು, ಅಷ್ಟು ದೂರ ಹೋಗಲಿಲ್ಲ. ಏರಿದ ಬೆಲೆ ಹೇಗೆ ಇಳಿಯಬಹುದೆಂಬುದಕ್ಕೆ ಭಾರತೀಯರಾದ ನಮಗೆ ಆತ್ಮೀಯವಾದ ನಿದರ್ಶನವೇ ಉಂಟು. 2008ರಲ್ಲಿ ಬಂದ 5,922 ಪೀಸುಗಳ ದೊಡ್ಡ ತಾಜಮಹಲ್ ಸೆಟ್ಟು ತಯಾರಿಕೆ ನಿಂತ ಬಳಿಕ ಮೂಲಬೆಲೆಯ ಹಲವು ಪಟ್ಟಿಗೆ ಮಾರಾಟವಾಗುತ್ತಿತ್ತು. ಅದು ಇನ್ನೂ ಏರುವುದೆಂದು ಮನೆಯಲ್ಲಿ ಇರಿಸಿಕೊಂಡವರು ಜಗತ್ತಿನಾದ್ಯಂತ ಇದ್ದರು. 2017ರ ನವೆಂಬರಿನಲ್ಲಿ ಕಂಪನಿಯು ಅದನ್ನೇ, ಒಂದು ಪೀಸನ್ನು ಹೆಚ್ಚಿಸಿ, ಹೊಸ ಸಂಖ್ಯೆ ಕೊಟ್ಟು ಮರಳಿ ಮಾರುಕಟ್ಟೆಗೆ ತಂದಿತು. ಹಳೆಯ ಪೆಟ್ಟಿಗೆಯ ಬೆಲೆ ಕುಸಿಯಿತು. ಕಟ್ಟಬೇಕೆಂದು ಕಾದವರು ಅಂದು ಸಂತೋಷಪಟ್ಟರು. ಮಾರಬೇಕೆಂದು ಕಾದವರು ನಷ್ಟಪಟ್ಟರು. ಅಷ್ಟಕ್ಕೂ ಬಸವಕಲ್ಯಾಣದಲ್ಲಿ ಕುಳಿತವನು ಹತ್ತು ಕೆ.ಜಿ. ತೂಕದ ಪೆಟ್ಟಿಗೆಯನ್ನು ಕೊಳ್ಳುವವನನ್ನು ಹುಡುಕಿ, ರಟ್ಟು ಜಜ್ಜದಂತೆ ಕಟ್ಟಿ, ಕೊರಿಯರ್ ವೆಚ್ಚ ಹಾಕಿ ಕಳುಹಿಸುವಷ್ಟರಲ್ಲಿ ಆ ಶೇಕಡ 11ರಲ್ಲಿ ಉಳಿಯುವುದೆಷ್ಟು? ಆಟಿಕೆಯನ್ನು ಆಟಿಕೆಯಾಗಿಯೇ ಕೊಳ್ಳಿ ಎಂದು ಇಂಥವರಿಗೆ ನಾನು ಮನಃಪೂರ್ವಕವಾಗಿ ಹೇಳುತ್ತೇನೆ.

ವಿದೇಶದಿಂದ ತರಿಸುವ ಆಸೆಯೂ ಹವ್ಯಾಸ ಬಲಿತಂತೆ ಹುಟ್ಟುತ್ತದೆ. ಬಿಡಿ ಪೀಸುಗಳನ್ನು ಮಾರುವ ಸಾವಿರಾರು ಸಣ್ಣ ವ್ಯಾಪಾರಿಗಳನ್ನು ಒಂದೆಡೆ ಕೂಡಿಸಿದ ಬ್ರಿಕ್‌ಲಿಂಕ್ ಎಂಬ ಜಾಲಪೇಟೆ 2000ದಲ್ಲಿ ಆರಂಭವಾಯಿತು. 2019ರಲ್ಲಿ ಲೆಗೊ ಸಂಸ್ಥೆಯೇ ಅದನ್ನು ಕೊಂಡುಕೊಂಡಿತು. ಬೇಕಾದ ಬಣ್ಣದ ಬೇಕಾದ ಪೀಸನ್ನು ಬೇಕಾದಷ್ಟು ಮಾತ್ರ ಕೊಳ್ಳುವ ಸ್ವಾತಂತ್ರ್ಯ ಅಲ್ಲಿದೆ. ಆದರೆ ಆಟಿಕೆಗಳ ಆಮದು ಸುಂಕವನ್ನು ನಮ್ಮ ಸರಕಾರ 2020ರಲ್ಲಿ ಶೇಕಡ 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿಸಿತೆಂಬುದನ್ನು ಮರೆತು ಆರ್ಡರ್ ಮಾಡಿದವನಿಗೆ, ಅಂಚೆಯ ವೆಚ್ಚದ ಮೇಲೆ ಸುಂಕವೂ ಕೂಡಿ, ಪೀಸಿನ ದರ ದುಪ್ಪಟ್ಟನ್ನೂ ಮೀರಬಹುದು. ಈ ಸುಂಕದ ಉದ್ದೇಶ ಸ್ವದೇಶೀ ಆಟಿಕೆಯ ಕೈಗಾರಿಕೆಯನ್ನು ಬೆಳೆಸುವುದು. ಆ ಬೆಳವಣಿಗೆಯ ಒಂದು ಕೇಂದ್ರ ನಮ್ಮ ಕಲ್ಯಾಣ ಕರ್ನಾಟಕದಲ್ಲಿಯೇ ಇರುವುದು ನನಗೆ ಹೆಮ್ಮೆಯ ವಿಷಯ. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ, ಬೆಳಗಾವಿ ಮೂಲದ ಏಕಸ್ ಕಂಪನಿಯ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಅದೇ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದಿಂದ ಬೊಂಬೆಗಳನ್ನು ಮಾಡುತ್ತ ಬಂದಿರುವುದು ಶತಮಾನಗಳಿಂದ. ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ ಇಟ್ಟಿಗೆಯಲ್ಲಿ, ಮೇಲೆ ಹೇಳಿದ ಆ ಅತಿ ಸೂಕ್ಷ್ಮವಾದ ಬಿಗಿಯನ್ನು ಸಾಧಿಸುವುದೊಂದೇ ಕಷ್ಟದ ಕೆಲಸ. ಅದನ್ನು ನಮ್ಮ ನೆಲದಲ್ಲಿ ಸಾಧಿಸಿದರೆ ಅಂಥ ಇಟ್ಟಿಗೆಯನ್ನು ನನ್ನ ಸಂಗ್ರಹಕ್ಕೆ ಸೇರಿಸಲು ನಾನು ಕ್ಷಣವೂ ಹಿಂದೆಗೆಯುವವನಲ್ಲ.

ಇದ್ದುದರಲ್ಲಿ ನಮ್ಮಂಥವರಿಗೆ ಅತ್ಯಂತ ಒದಗಿಬರುವುದು ಬಳಸಿದ ಇಟ್ಟಿಗೆ. ಹೈದರಾಬಾದಿನಲ್ಲಿ, ಪುಣೆಯಲ್ಲಿ, ಬೆಂಗಳೂರಿನಲ್ಲಿ ಮಕ್ಕಳು ಬೆಳೆದು ಕಾಲೇಜು ಸೇರಿದ ಮನೆಗಳಲ್ಲಿ ಚೀಲಗಟ್ಟಲೆ ಇಟ್ಟಿಗೆಗಳು ಮಂಚದ ಕೆಳಗೆ ಬಿದ್ದಿರುತ್ತವೆ. ಊರಿಗೆ ಬರುವ ಬಂಧುಗಳ ಮೂಲಕ ವಿಚಾರಿಸಿದರೆ ಅವು ತೂಕದ ಲೆಕ್ಕದಲ್ಲಿ ಸಿಗುವುದುಂಟು. ಕೊಳ್ಳುವ ಮುನ್ನ ಒಂದು ಹಿಡಿಯನ್ನು ಬಿಳಿಯ ಪಂಚೆಯ ಮೇಲೆ ಹರಡಿ, ಹಗಲಿನ ಬೆಳಕಿನಲ್ಲಿ ನೋಡಬೇಕು. ಬಿಳಿಯ ಮತ್ತು ಬೂದುಬಣ್ಣದವು ಬಿಸಿಲು ಕಂಡು ಹಳದಿಗೆ ತಿರುಗಿರುತ್ತವೆ. ಕಂಪನಿಯು 2004ರ ಸುಮಾರಿನಲ್ಲಿ ತನ್ನ ಬೂದುಬಣ್ಣಗಳನ್ನು ಬದಲಿಸಿ ನೀಲಿಯ ಛಾಯೆಯನ್ನು ಬೆರೆಸಿತು. ಅದಕ್ಕೂ ಹಿಂದಿನ ಬೂದು, ಇಂದಿನ ಬೂದಿನೊಡನೆ ಒಂದೇ ಗೋಡೆಯಲ್ಲಿ ಕೂಡಿಕೊಳ್ಳದೆ ಎದ್ದು ಕಾಣುತ್ತದೆ. ಕಂದುಗೆಂಪು, ಗಾಢ ಕಂದು, ಗಾಢ ಕೆಂಪು ಬಣ್ಣದವುಗಳಲ್ಲಿ ಕೆಲವು ವರ್ಷಗಳ ತಯಾರಿಕೆ ಪೆಡಸಾಗಿದ್ದು, ಬಿಚ್ಚುವಾಗ ಚಟ್ಟನೆ ಸೀಳುವುದೆಂಬುದು ಹವ್ಯಾಸಿಗಳೆಲ್ಲ ಬಲ್ಲ ಸಂಗತಿ. ಅವುಗಳನ್ನು ಲೆಕ್ಕಕ್ಕೆ ಹಿಡಿಯದೆ ಬೆಲೆ ಹೇಳುವುದು ಲೇಸು. ಮನೆಗೆ ತಂದ ಮೇಲೆ ಬಟ್ಟೆಯ ಯಂತ್ರಕ್ಕೆ ಹಾಕದೆ, 40 ಡಿಗ್ರಿ ಮೀರದ ಉಗುರುಬೆಚ್ಚಗಿನ ನೀರಿಗೆ ಸೌಮ್ಯವಾದ ಸಾಬೂನನ್ನು ಬೆರೆಸಿ ಕೈಯಿಂದ ತೊಳೆಯಬೇಕು. ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರು ಒಣಗಿದಾಗ ಗುಬುಟುಗಳ ಸುತ್ತ ಬಿಳಿಯ ಕಲೆ ಬಿಡುತ್ತದಾದ್ದರಿಂದ ಕಡೆಯ ಸಲ ಕುಡಿಯುವ ಫಿಲ್ಟರ್ ನೀರಿನಲ್ಲಿ ಜಾಲಿಸಿ, ಬಿಸಿಲಿನಲ್ಲಲ್ಲ, ಫ್ಯಾನಿನ ಕೆಳಗೆ ಆರಿಸುವುದು ಕ್ಷೇಮ. ವೈಶಾಖದಲ್ಲಿ ಇಲ್ಲಿಯ ತಗಡಿನ ಮಾಡಿನ ಅಟ್ಟ ಯಾವ ಸಂಗ್ರಹಕ್ಕೂ ತಕ್ಕ ಸ್ಥಳವಲ್ಲ.

ಇಷ್ಟೆಲ್ಲ ವಿಚಾರಿಸಿ ಕೊಳ್ಳುವುದು ಏನನ್ನು ಕಟ್ಟುವುದಕ್ಕೆ? ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದ ದೇವಾಲಯವೊಂದಿದೆ. ಹೊರಗೋಡೆಯ ಮದನಿಕೆಯರಲ್ಲಿ ಒಬ್ಬಳು ಆ ಚಕ್ರವರ್ತಿಯ ಪ್ರಶಸ್ತಿಯನ್ನು ಕಲ್ಲಿನ ಮೇಲೆ ಬರೆಯುತ್ತ ನಿಂತಿದ್ದಾಳೆ. ಜಗತ್ತಿನ ಸಂಗ್ರಾಹಕರು ಪ್ಯಾರಿಸಿನ ಗೋಪುರವನ್ನೂ ರೋಮಿನ ರಂಗಮಂಟಪವನ್ನೂ ಪೆಟ್ಟಿಗೆಯಲ್ಲಿ ಕೊಂಡು ಕಟ್ಟುತ್ತಾರೆ. ಜಲಸಂಗ್ವಿಯನ್ನು ಯಾವ ಕಂಪನಿಯೂ ಪೆಟ್ಟಿಗೆಯಲ್ಲಿಟ್ಟು ಮಾರಲಾರದು. ಅದನ್ನು ಕಟ್ಟಬೇಕಾದರೆ ನಾವೇ ಪೀಸು ಪೀಸಾಗಿ ಕೂಡಿಸಬೇಕು. ಮಿನಿಫಿಗರಿಗೆ ಹೊಂದುವಂತೆ ನಲವತ್ತರಲ್ಲೊಂದರ ಪ್ರಮಾಣವನ್ನು ಹಿಡಿದರೆ ಒಂದು ಗುಬುಟು 32 ಸೆಂಟಿಮೀಟರಿಗೆ ಸಮ. ಹತ್ತು ಮೀಟರಿನ ಗೋಡೆಗೆ 31 ಗುಬುಟು. ಚಾಲುಕ್ಯರ ಗೋಡೆ ಮುಂಚಾಚಿ ಹಿಂಜರಿದು ಸಾಗುವಂಥದಾದ್ದರಿಂದ ಉದ್ದ ಇಟ್ಟಿಗೆಗಳು ಅಲ್ಲಿ ಕೆಲಸಕ್ಕೆ ಬಾರವು. ಒಂದು–ಒಂದು, ಒಂದು–ಎರಡು ಅಳತೆಯವು ರಾಶಿಯಾಗಿ ಬೇಕು. ಪಟ್ಟಿಕೆಗಳ ಸಾಲಿಗೆ ಪ್ಲೇಟು; ನುಣುಪು ಮೈಗೆ ಗುಬುಟಿಲ್ಲದ ಟೈಲು; ಅಡ್ಡಲಾಗಿ ಕೂಡಿಸುವುದಕ್ಕೆ ಪಕ್ಕದಲ್ಲಿ ಗುಬುಟುಳ್ಳ ಇಟ್ಟಿಗೆ. ಮದನಿಕೆಯ ಸ್ಥಾನಕ್ಕೆ, ಸ್ಪರ್ಧೆಯ ಬಹುಮಾನವೆಂದು ಕೆಲವು ಸೆಟ್ಟುಗಳಲ್ಲಿ ಬರುವ, ಎರಡು ಇಟ್ಟಿಗೆಯೆತ್ತರದ ಪುಟ್ಟ ಪ್ರತಿಮೆಯೊಂದುಂಟು. ಅದು ಭಂಗಿಯಲ್ಲಿ ಮದನಿಕೆಯಲ್ಲವಾದರೂ ಅಳತೆಯಲ್ಲಿ ಸರಿಹೋಗುತ್ತದೆ. ಬ್ರಿಕ್‌ಲಿಂಕಿನವರ ಸ್ಟುಡಿಯೊ ಎಂಬ ಉಚಿತ ತಂತ್ರಾಂಶದಲ್ಲಿ ಮೊದಲು ಪರದೆಯ ಮೇಲೆ ಕಟ್ಟಿ ನೋಡಿದರೆ ಯಾವ ಪೀಸು ಎಷ್ಟು ಬೇಕೆಂಬ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ರೀಬ್ರಿಕಬಲ್ ಎಂಬ ತಾಣದಲ್ಲಿ ನಮ್ಮ ಬಳಿಯಿರುವ ಸೆಟ್ಟುಗಳನ್ನು ನಮೂದಿಸಿದರೆ ಆ ಪಟ್ಟಿಯಲ್ಲಿ ಯಾವುವು ಮನೆಯಲ್ಲಿಯೇ ಇವೆಯೆಂದು ಗೊತ್ತಾಗುತ್ತದೆ. ಉಳಿದುದನ್ನಷ್ಟೇ ಕೊಳ್ಳಬೇಕು.

ನನ್ನ ಪಟ್ಟಿಯಲ್ಲಿ ತಳಪಾಯದ ಪ್ಲೇಟುಗಳೂ ಕಂಬಗಳಿಗೆ ಬೇಕಾದ ದುಂಡು ಇಟ್ಟಿಗೆಗಳೂ ಬಂದಿವೆ. ತೀರ ಕೊರತೆಯಾಗಿರುವುದು ಗಾಢ ಬೂದುಬಣ್ಣದ ಒಂದು–ಎರಡರ ಇಟ್ಟಿಗೆ, 2004ರ ನಂತರದ್ದು. ಕೋಟೆಯ ಸೆಟ್ಟೊಂದನ್ನು ಒಡೆದರೆ ಅದು ಹೇರಳವಾಗಿ ಸಿಗುತ್ತದೆ. ಹಾಗೆ ಒಡೆಯಲು ತಕ್ಕ ಬೆಲೆಗೆ ಪೆಟ್ಟಿಗೆಯಿಲ್ಲದ ಸೆಟ್ಟಿದ್ದರೆ ತಿಳಿಸುವಂತೆ ಹೈದರಾಬಾದಿನ ಗೆಳೆಯರಿಗೆ ಹೇಳಿದ್ದೇನೆ. ಹುಮನಾಬಾದಿನಲ್ಲಿಯೋ ಬಸವಕಲ್ಯಾಣದಲ್ಲಿಯೋ ಯಾರ ಮನೆಯಲ್ಲಾದರೂ ಅಂಥ ಬೂದು ಇಟ್ಟಿಗೆಗಳು ಬಿದ್ದಿದ್ದರೆ, ನನ್ನ ಬಳಿ ಹೆಚ್ಚಾಗಿರುವ ಕೆಂಪು, ಹಳದಿ, ನೀಲಿ ಇಟ್ಟಿಗೆಗಳನ್ನು ಎಣಿಸಿ ಕೊಟ್ಟು ಬದಲಿ ಪಡೆಯಲು ಸಿದ್ಧನಿದ್ದೇನೆ; ಮಕ್ಕಳಿಗೆ ಆ ಮೂರು ಬಣ್ಣಗಳೇ ಹೆಚ್ಚು ಇಷ್ಟ.